ಅಪ್ಪುಗೆಗೂ ಮೊದಲು

ಒಬ್ಬ ಬೆಂಗಳೂರಿನ ಕಮ್ಮನಹಳ್ಳಿಯಲ್ಲೇ ಹುಟ್ಟಿ ಬೆಳೆದ ಹುಡುಗ, ರ‍್ಯಾಪ್ ಎಂದರೆ ಜೀವ ಬಿಡುವವನು. ಇನ್ನೊಬ್ಬರು ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ, ಆಫ್ರಿಕಾ ಮೂಲದ ಸಿದ್ದಿ ಮನೆತನದಿಂದ ಬಂದು ಇದೇ ಬಡಾವಣೆಯಲ್ಲಿ ಬಾಡಿಗೆಗಿದ್ದು ಶಾಲೆಯಲ್ಲಿ ಪಾಠ ಹೇಳುವ ಅಕ್ಕ. ಒಂದು ಅಮೆರಿಕನ್ ಹಾಡಿನ ನೆಪದಲ್ಲಿ ಇಬ್ಬರ ನಡುವೆ ಬೆಳೆದ ಮಾತು ಇದು.

ಅಭಿಮಾನಿ: ಅಕ್ಕ, ನಾನು ಕಳಿಸಿದ ಹಾಡು ನೋಡಿದ್ರಾ?

ಅಕ್ಕ: ನೋಡಿದೆ ತಮಾ. ಮೊದಲರ್ಧ ನೋಡುವಾಗ ಫೋನ್ ಕವುಚಿ ಇಟ್ಟುಬಿಡುವ ಅನ್ನಿಸಿತು. ಆದರೂ ಪೂರ್ತಿ ನೋಡಿದೆ. ನೀನು ಇಷ್ಟು ಹಚ್ಚಿಕೊಂಡ ಹಾಡು, ಅದರಲ್ಲಿ ಎಂತದೋ ಇರಬೇಕಲ್ಲ.

ಅಭಿಮಾನಿ: ಇದೆ ಅಕ್ಕ. ಜಾಯ್ನರ್ ಲ್ಯೂಕಸ್ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನವನು, ಕಪ್ಪು ಹುಡುಗ. 2017ರ ನವೆಂಬರಿನಲ್ಲಿ ಈ 'ಐಯಾಮ್ ನಾಟ್ ರೇಸಿಸ್ಟ್' ಬಿಟ್ಟ, ಅಂದ್ರೆ 'ನಾನು ಜನಾಂಗದ್ವೇಷಿ ಅಲ್ಲ' ಅಂತ. ಹೆಚ್ಚುಕಡಿಮೆ ಏಳು ನಿಮಿಷ. ಒಂದು ಮೇಜು, ಎರಡು ಕುರ್ಚಿ, ಎದುರುಬದುರು ಇಬ್ಬರು. ಟ್ರಂಪ್ ಪ್ರಚಾರದ ಕೆಂಪು ಟೋಪಿ ಹಾಕಿದ ಗಡ್ಡದ ಬಿಳಿಯ ಮೊದಲು ಮಾತಾಡ್ತಾನೆ. ಕಪ್ಪು ಜನರ ಬಗ್ಗೆ ಅವನ ಹೊಟ್ಟೆಯಲ್ಲಿರೋದೆಲ್ಲ ಕಕ್ಕಿಬಿಡ್ತಾನೆ. ದುಡಿಯಲ್ಲ ಅಂತಾನೆ, ಸರ್ಕಾರದ ದುಡ್ಡಲ್ಲಿ ಬದುಕ್ತಾರೆ ಅಂತಾನೆ, ಬಾಯಿಗೆ ಬಂದ ಬೈಗುಳ ಬೇರೆ. ಆಮೇಲೆ ಎದುರಿಗೆ ಕೂತ ಕಪ್ಪು ಮನುಷ್ಯ ಜವಾಬು ಕೊಡ್ತಾನೆ. ಕೊನೆಗೆ ಇಬ್ಬರೂ ಎದ್ದು ತಬ್ಬಿಕೊಳ್ತಾರೆ. ಆದರೆ ಕೇಳಿಸೋ ದನಿ ಇಡೀ ಹಾಡಿಗೆ ಒಂದೇ, ಲ್ಯೂಕಸ್‌ದು. ಆ ಇಬ್ಬರು ನಟರು ತುಟಿ ಆಡಿಸ್ತಾರೆ ಅಷ್ಟೇ.

ಅಕ್ಕ: ಅದು ನನಗೆ ಹಿಡಿಸಿತು. ಬೈಸಿಕೊಂಡವನೇ ಬೈದವನ ಮಾತು ಬರೆದಿದ್ದಾನೆ. ಯಾವ ಮಾತು ಎಲ್ಲಿ ನಾಟುತ್ತದೆ ಅಂತ ನಾಟಿಸಿಕೊಂಡವನಿಗೆ ಮಾತ್ರ ಅಷ್ಟು ಸರಿಯಾಗಿ ಗೊತ್ತಿರುವುದು. ಆ ಬಿಳಿಯನ ಪಾತ್ರವನ್ನು ಬಿಳಿಯನೊಬ್ಬ ಬರೆದಿದ್ದರೆ ಅರ್ಧ ಮಾತು ನುಂಗಿಕೊಳ್ಳುತ್ತಿದ್ದ.

ಅಭಿಮಾನಿ: ಅದಕ್ಕೇ ನಾನು ಬಿದ್ದುಹೋದದ್ದು. ಆ ಮೊದಲರ್ಧ ಕೇಳ್ತಿದ್ರೆ ನಮ್ಮ ಕಮ್ಮನಹಳ್ಳಿ ಟೀ ಅಂಗಡಿ ಮುಂದೆ ನಿಂತ ಹಾಗಾಗುತ್ತೆ. ಆಫ್ರಿಕಾ ಹುಡುಗರು ದಾಟಿ ಹೋದಮೇಲೆ ಬರೋ ಮಾತುಗಳು ಒಂದೊಂದೂ ಅಲ್ಲಿವೆ: ರಾತ್ರಿಯೆಲ್ಲ ಗಲಾಟೆ, ಡ್ರಗ್ಸ್, ಬಾಡಿಗೆ ಕೊಡಲ್ಲ, ವೀಸಾ ಮುಗಿದ್ರೂ ಇರ್ತಾರೆ. ಈಶಾನ್ಯದ ಹುಡುಗಿಯರ ಬಗ್ಗೆ ಇನ್ನೊಂದು ಪಟ್ಟಿ. ಇದನ್ನೆಲ್ಲ ಯಾರೂ ಮುಖಕ್ಕೆ ಹೇಳಲ್ಲ, ಬೆನ್ನ ಹಿಂದೆ ಹೇಳ್ತಾರೆ. ಲ್ಯೂಕಸ್ ಅದನ್ನ ಮೇಜಿನ ಮೇಲೆ ತಂದಿಟ್ಟ. ಹೊರಗೆ ಬಾರದ ಮಾತಿಗೆ ಉತ್ತರ ಕೊಡೋದು ಹೇಗೆ ಅಕ್ಕ?

ಅಕ್ಕ: ಒಪ್ಪಿದೆ. ಆದರೆ ಮೇಜಿನ ಎರಡೂ ಬದಿಗೆ ಒಂದೇ ಥರದ ಕುರ್ಚಿ ಹಾಕಿದ್ದಾನಲ್ಲ, ಅಲ್ಲಿ ನನಗೆ ತಕರಾರು. ಇವನಿಗೆ ಇಷ್ಟು ನಿಮಿಷ, ಅವನಿಗೆ ಅಷ್ಟೇ ನಿಮಿಷ. ಇವನ ಮನಸ್ಸಿನಲ್ಲಿ ಸಿಟ್ಟು, ಅವನ ಮನಸ್ಸಿನಲ್ಲೂ ಸಿಟ್ಟು. ಇಬ್ಬರೂ ಹೇಳಿಕೊಂಡರು, ಹಗುರಾದರು, ಅಪ್ಪಿಕೊಂಡರು. ನೋಡಿದವರಿಗೆ ಇದು ಇಬ್ಬರು ಗೆಳೆಯರ ಜಗಳದ ಹಾಗೆ ಕಾಣುತ್ತದೆ. ಒಬ್ಬನ ಸಿಟ್ಟಿನಿಂದ ಇನ್ನೊಬ್ಬನಿಗೆ ಮನೆ ಸಿಗುವುದಿಲ್ಲ, ಕೆಲಸ ಸಿಗುವುದಿಲ್ಲ, ಠಾಣೆಗೆ ಹೋದವನು ಹಿಂದಕ್ಕೆ ಬರುವುದಿಲ್ಲ. ಇನ್ನೊಬ್ಬನ ಸಿಟ್ಟಿನಿಂದ ಮೊದಲನೆಯವನಿಗೆ ಆಗುವ ನಷ್ಟ ಎಂತದು? ಬೇಜಾರು. ಇಷ್ಟೇ.

ಅಭಿಮಾನಿ: ಅಮೆರಿಕದಲ್ಲೂ ಇದೇ ಮಾತಿನ ಮೇಲೆ ವಿಮರ್ಶಕರು ಅವನನ್ನ ಹಿಡಿದರು. ಎರಡೂ ಪಕ್ಷವನ್ನ ಸಮ ಮಾಡಿಬಿಟ್ಟ ಅಂತ.

ಅಕ್ಕ: ವಿಮರ್ಶಕರು ಎಂತ ಹೇಳಿದರೋ ನಾನು ಓದಿಲ್ಲ. ನನಗೆ ಆದದ್ದು ಹೇಳುತ್ತೇನೆ, ಕೇಳು. ಇಲ್ಲೇ ಮೂರು ಓಣಿ ಆಚೆ, ಗೇಟಿಗೆ ಟು-ಲೆಟ್ ಬೋರ್ಡ್ ಕಟ್ಟಿದ್ದರು. ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹಿರಿಯರು ಎರಡೇ ಮಾತಿಗೆ 'ನೀವು ಸಿರ್ಸಿ ಕಡೆಯೋರಾ?' ಅಂತ ಕೇಳಿದರು. ಯಲ್ಲಾಪುರ ಅಂದೆ. 'ಒಳ್ಳೇ ಜನ, ಮಾತಲ್ಲೇ ಗೊತ್ತಾಗುತ್ತೆ. ಕಾವೇರಿ ನೀರು ಬರುತ್ತೆ, ಸಂಪಿದೆ, ಅಡ್ವಾನ್ಸ್ ಆಮೇಲೆ ಮಾತಾಡಿಕೊಳ್ಳೋಣ, ಬಂದು ನೋಡಿ' ಅಂದರು. ಸಂಜೆ ಹೋದೆ. ಗೇಟ್ ತೆಗೆಯಲು ಬಂದವರು ನನ್ನನ್ನು ನೋಡಿ ಚಿಲಕದ ಮೇಲೆ ಕೈಯಿಟ್ಟುಕೊಂಡೇ ನಿಂತರು. ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ಕೇಳಿದರು. ಬೆಳಿಗ್ಗೆ ಫೋನ್ ಮಾಡಿದವಳು ನಾನೇ ಅಂತ ಕನ್ನಡದಲ್ಲಿ ಹೇಳಿದೆ. ನನ್ನ ಹೆಗಲ ಮೇಲಿಂದ ರಸ್ತೆ ನೋಡಿದರು, ಹಿಂದೆ ಇನ್ಯಾರೋ ಬರುತ್ತಿರಬಹುದು ಅಂತ. ಆಧಾರ್ ಕಾರ್ಡ್ ಕೊಟ್ಟೆ. ಮುಂದೆ ನೋಡಿದರು, ತಿರುಗಿಸಿ ಹಿಂದೆ ನೋಡಿದರು, ಉಗುರಿನಿಂದ ಅಂಚು ಕೆರೆದು ನೋಡಿದರು. ಆಮೇಲೆ ಬಾಡಿಗೆ ಎರಡು ಸಾವಿರ ಜಾಸ್ತಿಯಾಯಿತು, ಅಡ್ವಾನ್ಸ್ ಹತ್ತು ತಿಂಗಳದ್ದೂ ಒಟ್ಟಿಗೇ ಬೇಕಾಯಿತು. ಯಾಕೆ ಅಂತ ಕೇಳಿದೆ. 'ನಮಗೇನೂ ಇಲ್ಲಮ್ಮ, ಅಕ್ಕಪಕ್ಕದೋರು ಒಪ್ಪಲ್ಲ' ಅಂದರು.

ಅಭಿಮಾನಿ: ಹಾಡಿನ ಹೆಸರೇ ಅದು.

ಅಕ್ಕ: ಹೌದ ಮಾರಾಯ. ಅವರು ನನ್ನನ್ನು ಬೈಯಲಿಲ್ಲ. ಕೂರಿಸಿ ನೀರು ಕೊಟ್ಟರು. ನಾನೂ ಅವರೂ ಮೇಜಿಗೆ ಎದುರುಬದುರು ಕೂತು ಏಳು ನಿಮಿಷ ಮಾತಾಡಿ ಅಪ್ಪಿಕೊಂಡೆವು ಅಂತಲೇ ಇಟ್ಟುಕೋ. ಬೀಗದಕೈ ಯಾರ ಜೇಬಿನಲ್ಲಿರುತ್ತದೆ?

ಅಭಿಮಾನಿ: ಇನ್ನೊಂದು ಕಡೆಯಿಂದಲೂ ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಇಲ್ಲಿನವರ ದೂರೆಲ್ಲ ಬರೀ ದ್ವೇಷದಿಂದ ಹುಟ್ಟಿದ್ದಲ್ಲ. ವಿದೇಶಿಯರಿಗೆ ಮನೆ ಕೊಟ್ಟರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡಬೇಕು, ತಪ್ಪಿದರೆ ಮಾಲೀಕನ ತಲೆ ಮೇಲೆ. ರಾತ್ರಿ ಜೋರು ಸಂಗೀತ ಹಾಕಿದ್ರೆ ವಯಸ್ಸಾದವರಿಗೆ ನಿದ್ದೆ ಇಲ್ಲ. 2016ರಲ್ಲಿ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ಹುಡುಗನ ಕಾರು ಹರಿದು ಒಬ್ಬ ಹೆಣ್ಣುಮಗಳು ಸತ್ತೇಹೋದಳು. ಆ ಸಿಟ್ಟು ಸುಳ್ಳಾ?

ಅಕ್ಕ: ಸುಳ್ಳಲ್ಲ. ಆ ತಾಯಿಗೆ ನ್ಯಾಯ ಸಿಗಬೇಕಿತ್ತು, ಕಾರು ಓಡಿಸಿದವನಿಗೆ ಶಿಕ್ಷೆ ಆಗಬೇಕಿತ್ತು. ಆದರೆ ಅವತ್ತು ಆದದ್ದು ಎಂತದು? ಜನವರಿ 31ರ ರಾತ್ರಿ. ಅಪಘಾತ ಆಗಿ ಸುಮಾರು ಅರ್ಧ ಗಂಟೆ ಆದಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿ ಇಪ್ಪತ್ತೊಂದು ವರ್ಷದ ಟಾಂಜಾನಿಯಾದ ವಿದ್ಯಾರ್ಥಿನಿ, ಜೊತೆಗೆ ಅವಳ ಗೆಳೆಯರು. ಬೇರೆ ಕಾರು, ಬೇರೆ ಮನುಷ್ಯರು, ಬೇರೆ ದೇಶ. ಸುಡಾನಿಗೂ ಟಾಂಜಾನಿಯಾಕ್ಕೂ ಗಡಿ ಕೂಡ ತಾಗುವುದಿಲ್ಲ. ಗುಂಪು ಅವಳನ್ನು ಕಾರಿನಿಂದ ಎಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ತಪ್ಪಿಸಿಕೊಳ್ಳಲು ಬಸ್ ಹತ್ತಿದರೆ ಒಳಗಿದ್ದವರು ಹೊರಗೆ ತಳ್ಳಿದರು ಅಂತ ಆಮೇಲೆ ವರದಿಯಾಯಿತು. ಅಪಘಾತಕ್ಕೂ ಆ ಹುಡುಗಿಗೂ ಇದ್ದ ಸಂಬಂಧ ಹೇಳು ನೋಡುವ.

ಅಭಿಮಾನಿ: ಬಣ್ಣ.

ಅಕ್ಕ: ಬಣ್ಣ ಒಂದೇ. ಆಮೇಲೆ ನಮ್ಮ ರಾಜ್ಯದ ಗೃಹ ಸಚಿವರು ಇದು ಜನಾಂಗೀಯ ದಾಳಿ ಅಲ್ಲ, ಅಪಘಾತಕ್ಕೆ ಜನರ ಪ್ರತಿಕ್ರಿಯೆ ಅಂದರು. ಪೊಲೀಸರು ಅಮಾನತಾದರು, ಬಂಧನಗಳಾದವು, ಟಾಂಜಾನಿಯಾದ ಹೈಕಮಿಷನರ್ ದೆಹಲಿಯಿಂದ ಇಲ್ಲಿಗೆ ಬಂದರು. ಎಲ್ಲ ಆಯಿತು. ಆದರೆ 'ಹೌದು, ಇದು ಬಣ್ಣದ ಕಾರಣಕ್ಕೆ ಆದದ್ದು' ಅಂತ ಒಂದು ಮಾತು ಸರ್ಕಾರದ ಬಾಯಿಂದ ಬರಲಿಲ್ಲ. ಬಂದಿದ್ದರೆ ನನ್ನಂಥವರಿಗೆ ಎಷ್ಟು ಧೈರ್ಯ ಬರುತ್ತಿತ್ತು ಅಂತ ನಿನಗೆ ಹೇಗೆ ಹೇಳಲಿ! ಆ ದಾರಿಯಲ್ಲಿ ಅವತ್ತು ನಾನು ಆಟೋದಲ್ಲಿ ಹೋಗುತ್ತಿದ್ದರೆ ಗುಂಪು ನನ್ನ ಆಧಾರ್ ಕಾರ್ಡ್ ನೋಡುತ್ತಿತ್ತಾ?

ಅಭಿಮಾನಿ: ನೀವು ಒಂದು ಮಾತು ಕನ್ನಡ ಆಡಿದ್ರೆ ಬಿಡ್ತಿದ್ರು ಅಂದ್ಕೋತೀನಿ.

ಅಕ್ಕ: ಗೇಟಿನ ಹತ್ತಿರ ಕನ್ನಡದಲ್ಲೇ ಮಾತಾಡಿದ್ದು ನಾನು. ಕಣ್ಣು ಮೊದಲು ತೀರ್ಮಾನ ಮಾಡಿದರೆ ಕಿವಿ ಕೇಳುವುದಿಲ್ಲ. ಭಾಷೆಯ ಹೆಸರಲ್ಲಿ ಹೊಡೆದದ್ದೂ ಇದೆಯಲ್ಲ. 2014ರ ಅಕ್ಟೋಬರಿನಲ್ಲಿ ಇಲ್ಲೇ ಕೊತ್ತನೂರಿನಲ್ಲಿ ಊಟ ಮಾಡಲು ಹೋದ ಮಣಿಪುರದ ವಿದ್ಯಾರ್ಥಿಗಳಿಗೆ ಕನ್ನಡ ಬರುವುದಿಲ್ಲ ಅಂತ ಹೊಡೆದರು. ಅದೇ ಬೀದಿಯಲ್ಲಿ ಕನ್ನಡ ಬಾರದವರು ಇನ್ನೆಷ್ಟು ಜನ ಇದ್ದರು, ಐಟಿಯವರು, ಉತ್ತರ ಭಾರತದವರು? ಪೆಟ್ಟು ಬಿದ್ದದ್ದು ಈಶಾನ್ಯದ ಮುಖದವರಿಗೆ. ನನ್ನ ಭಾಷೆಯನ್ನು ಹೊಡೆಯುವ ಕೋಲು ಮಾಡಿಕೊಂಡರು ಅಂತ ನನಗೆ ಅವತ್ತು ಬಹಳ ನೋವಾಯಿತು. ಕನ್ನಡ ನನ್ನ ಭಾಷೆ ತಮಾ. ಮನೆಯಲ್ಲಿ ಕೊಂಕಣಿ ಬೆರೆಸಿ ಆಡುತ್ತೇವೆ, ಆದರೆ ನಾನು ಓದಿದ್ದು, ಬರೆದದ್ದು, ಅತ್ತದ್ದು ಕನ್ನಡದಲ್ಲಿ.

ಅಭಿಮಾನಿ: ಸಿದ್ದಿಗಳ ಬಗ್ಗೆ ನಮಗೆ ಶಾಲೆಯಲ್ಲಿ ಏನೂ ಹೇಳಿಕೊಡಲಿಲ್ಲ ಅಕ್ಕ.

ಅಕ್ಕ: ಹೇಳಿಕೊಡಬೇಕಿತ್ತು. ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಹಡಗಿನಲ್ಲಿ ಆಫ್ರಿಕಾದಿಂದ ಗುಲಾಮರನ್ನು ತಂದರು. ಗೋವಾದಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಹೊಕ್ಕರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಡೆ ಊರು ಮಾಡಿಕೊಂಡು ಕೂತರು. ನಮ್ಮಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ನಮ್ಮ ಚರ್ಮವಾದ್ಯ ಡಮಾಮಿ ಬಡಿದರೆ ಎಲ್ಲರ ಕಾಲೂ ಕುಣಿಯುತ್ತದೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಉತ್ತರ ಕನ್ನಡದ ಸಿದ್ದಿಗಳು ಸೇರಿದ್ದು 2003ರಲ್ಲಿ. ನಮ್ಮವರೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿನೊಳಗೆ ಕಾಲಿಟ್ಟದ್ದು 2020ರಲ್ಲಿ. ಅಷ್ಟು ಶತಮಾನ ಇಲ್ಲೇ ಬಾಳಿದವರು ನಾವು. ನೀನು ರ‍್ಯಾಪ್ ಅಂತೀಯಲ್ಲ, ಆ ಲ್ಯೂಕಸ್ ಹಾಡಿಗಿಂತ ಎಷ್ಟೋ ಮೊದಲೇ, ಎಂಬತ್ತರ ದಶಕದಲ್ಲಿ, ರಂಗತಂಡ ನೀನಾಸಂನವರು ನಮ್ಮ ಮಂಚಿಕೇರಿಗೆ ಬಂದು ಸಿದ್ದಿಗಳ ಕೈಯಲ್ಲಿ ನಾಟಕ ಆಡಿಸಿದರು. ಚಿದಂಬರರಾವ್ ಜಂಬೆಯವರ ನಿರ್ದೇಶನ, 'ಕಪ್ಪು ಜನ ಕೆಂಪು ನೆರಳು'. ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' ಇದೆಯಲ್ಲ, ಅದರ ಮೇಲೆ ಕಟ್ಟಿದ್ದು.

ಅಭಿಮಾನಿ: ಅಚಿಬೆಯನ್ನ ಕನ್ನಡದಲ್ಲಿ, ಸಿದ್ದಿಗಳು?

ಅಕ್ಕ: ಹಾಂ. ಆಫ್ರಿಕಾದ ಕತೆ ಆಫ್ರಿಕಾದಿಂದ ಬಂದವರ ಮೊಮ್ಮಕ್ಕಳ ಮೈಯಲ್ಲಿ, ಕನ್ನಡದ ಮಾತಿನಲ್ಲಿ, ಸಹ್ಯಾದ್ರಿಯ ಕಾಡಿನ ಬದಿಯಲ್ಲಿ. ಬಿಳಿಯರು ಬಂದು ಒಂದು ಊರಿನ ಬದುಕನ್ನು ಹೇಗೆ ಮುರಿದರು ಅನ್ನುವುದನ್ನು ಅಲ್ಲಿ ಊರವರೇ ಹೇಳುತ್ತಾರೆ. ಅದರಲ್ಲಿ ಇವನಿಗೆ ಇಷ್ಟು ನಿಮಿಷ, ಅವನಿಗೆ ಅಷ್ಟು ನಿಮಿಷ ಅಂತ ಪಾಲು ಹಾಕಲಿಲ್ಲ. ನನಗೆ ಬೇಕಾದ ಕಲೆ ಅದು.

ಅಭಿಮಾನಿ: ಹಾಗಾದರೆ ನಿಮಗೆ ಅಮೆರಿಕದ ಇನ್ನೊಬ್ಬ ಹಾಡುಗಾರ ಚೈಲ್ಡಿಶ್ ಗ್ಯಾಂಬಿನೊ ಹಿಡಿಸ್ತಾನೆ. 'ದಿಸ್ ಈಸ್ ಅಮೆರಿಕ', 2018. ಅವನು ಬಿಳಿಯನಿಗೆ ಮಾತೇ ಕೊಡಲ್ಲ. ತಾನು ನಗುತ್ತಾ ಕುಣೀತಾನೆ, ನಮ್ಮ ಕಣ್ಣೆಲ್ಲ ಅವನ ಮೇಲೆ, ಹಿಂದೆ ದೊಂಬಿ ನಡೀತಾನೇ ಇರುತ್ತೆ. 2019ರ ಗ್ರ್ಯಾಮಿಯಲ್ಲಿ ವಿಡಿಯೊ ಪ್ರಶಸ್ತಿಗೆ ಇವರಿಬ್ಬರೂ ಕಣದಲ್ಲಿದ್ದರು, ಗ್ಯಾಂಬಿನೊ ಗೆದ್ದ. ಆದರೂ ನನ್ನ ಓಟು ಲ್ಯೂಕಸ್‌ಗೇ. ಗ್ಯಾಂಬಿನೊ ಹಾಡು ನೋಡಿದವನು ತಲೆ ಕೆರ್ಕೊಂಡು ಅರ್ಥ ಹುಡುಕ್ತಾನೆ. ಲ್ಯೂಕಸ್ ಹಾಡು ಕೇಳಿದವನು ಪಕ್ಕದ ಮನೆಯವನ ಹತ್ತಿರ ಮಾತಾಡ್ತಾನೆ. ನಾನೀಗ ನಿಮ್ಮ ಹತ್ತಿರ ಮಾತಾಡ್ತಿಲ್ವಾ? ಇಷ್ಟು ವರ್ಷ ಒಂದೇ ಬೀದಿಯಲ್ಲಿದ್ದರೂ ನಿಮ್ಮನ್ನ ಇದನ್ನ ಕೇಳಿರಲಿಲ್ಲ.

ಅಕ್ಕ: ಅದು ನಿಜ. ಆ ಮಾತಿಗೆ ನಾನು ತಲೆ ಬಾಗುತ್ತೇನೆ. ಹಾಡಿನ ಕೆಲಸ ಅಲ್ಲಿ ಆಗಿದೆ.

ಅಭಿಮಾನಿ: ಇನ್ನೊಂದು ಕೇಳ್ತೀನಿ. ಬೈಯದೆ ಹೊಗಳಿದರೆ? ಸಿದ್ದಿಗಳು ಓಟದಲ್ಲಿ ಜೋರು, ಕುಣಿತದಲ್ಲಿ ಜೋರು ಅಂತಾರಲ್ಲ.

ಅಕ್ಕ: ಎಂಬತ್ತರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹಾಗೆಯೇ ಅಂದುಕೊಂಡು ನಮ್ಮ ಮಕ್ಕಳನ್ನು ಆರಿಸಿಕೊಂಡು ಹೋಯಿತು. ಆಫ್ರಿಕಾದ ಮೈಕಟ್ಟು, ಪದಕ ತರುತ್ತಾರೆ ಅಂತ. ಚೆನ್ನಾಗಿ ಓಡಿದವರೂ ಇದ್ದರು. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು, ಮಕ್ಕಳು ಕಾಡಿಗೆ ವಾಪಸ್ ಬಂದರು. ಮೈ ಕಂಡವರಿಗೆ ಮನುಷ್ಯ ಕಾಣಲಿಲ್ಲ. ನಮ್ಮ ಶಾಲೆಯಲ್ಲೂ ವಾರ್ಷಿಕೋತ್ಸವ ಬಂದರೆ ಕುಣಿತ ಕಲಿಸಲು ಮೊದಲು ನನ್ನ ಹೆಸರು ಬರುತ್ತದೆ. ನಾನು ಗಣಿತ ಕಲಿಸುವವಳು.

ಅಭಿಮಾನಿ: ಇಲ್ಲಿರೋ ಆಫ್ರಿಕಾದವರ ಜೊತೆ ನಿಮಗೆ ಒಡನಾಟ ಇದೆಯಾ?

ಅಕ್ಕ: ಕೂದಲಿನ ದೆಸೆಯಿಂದ ಇದೆ. ನಾನು ಮೊದಲು ಹೋಗುತ್ತಿದ್ದ ಬ್ಯೂಟಿ ಪಾರ್ಲರುಗಳಲ್ಲೆಲ್ಲ ಕೂತ ಕೂಡಲೇ ಸ್ಟ್ರೇಟ್ನಿಂಗ್ ಮಾಡಿಸಿ ಮೇಡಂ ಅನ್ನುತ್ತಿದ್ದರು. ಬಾಚಣಿಗೆ ಹಲ್ಲು ಮುರಿದರೆ ಮುಖ ಸಿಂಡರಿಸುತ್ತಿದ್ದರು. ಇಲ್ಲೇ ಮೇನ್ ರೋಡಿನ ಮಹಡಿ ಮೇಲೆ ಕಾಂಗೊದ ಹೆಂಗಸೊಬ್ಬಳು ಜಡೆ ಹೆಣೆಯುತ್ತಾಳೆ ಅಂತ ಗೊತ್ತಾಗಿ ಹೋದೆ. ಅವಳು ಫ್ರೆಂಚಿನಲ್ಲಿ ಶುರು ಮಾಡಿದಳು. ನಾನು ಕನ್ನಡ ಅಂದೆ. ಅವಳಿಗೆ ನಗು. 'ಕೂತ್ಕೊ' ಅಂದಳು, ಅಷ್ಟು ಕನ್ನಡ ಕಲಿತಿದ್ದಾಳೆ. ಬೆರಳಿನಿಂದ ಬೈತಲೆ ತೆಗೆದು, ಎಣ್ಣೆ ಸವರಿ, ನೆತ್ತಿಯಿಂದ ಸಣ್ಣ ಸಣ್ಣ ಎಳೆ ಹಿಡಿದು ಹೆಣೆಯುತ್ತಾ ಹೋದಳು. ಒಂದು ಸಲವೂ ನನ್ನ ಕೂದಲಿಗೆ ಹೆಸರಿಡಲಿಲ್ಲ. ಈ ಊರಲ್ಲಿ ನನ್ನ ತಲೆ ಮುಟ್ಟಲು ಬಂದ ಕೈ ಹೀಗೆ ಇದ್ದದ್ದು ಅದೇ ಮೊದಲು. 2021ರ ಆಗಸ್ಟಿನಲ್ಲಿ ಜೆ.ಸಿ. ನಗರ ಪೊಲೀಸರ ವಶದಲ್ಲಿದ್ದ ಕಾಂಗೊದ ಯುವಕ ಸತ್ತನಲ್ಲ, ಠಾಣೆ ಮುಂದೆ ಕೂತವರಿಗೆ ಲಾಠಿ ಬೀಸಿದರಲ್ಲ, ಆಮೇಲೆ ಬಹಳ ದಿನ ಅವಳು ಕತ್ತಲಾಗುವ ಮೊದಲೇ ಬಾಗಿಲು ಹಾಕುತ್ತಿದ್ದಳು.

ಅಭಿಮಾನಿ: ಅವನನ್ನ ಡ್ರಗ್ಸ್ ಕೇಸಲ್ಲಿ ಹಿಡಿದಿದ್ದರು ಅಂತ ಪೊಲೀಸರು ಹೇಳಿದ್ದರು.

ಅಕ್ಕ: ಹಿಡಿದರೆ ಕೋರ್ಟಿಗೆ ಕರೆದುಕೊಂಡು ಹೋಗಬೇಕು. ಪೊಲೀಸರ ವಶದಲ್ಲಿ ಸತ್ತವನ ಬಗ್ಗೆ ಊರು ಕೇಳಬೇಕಾದ ಪ್ರಶ್ನೆ ಅವನು ಎಂತ ಮಾಡಿದ್ದ ಅನ್ನುವುದಲ್ಲ.

ಅಭಿಮಾನಿ: ಇದಕ್ಕೆಲ್ಲ ಒಂದು ಕಾನೂನು ಇಲ್ವಾ?

ಅಕ್ಕ: 2014ರ ಜನವರಿಯಲ್ಲಿ ದೆಹಲಿಯ ಲಜಪತ್ ನಗರದಲ್ಲಿ ಅರುಣಾಚಲದ ನಿಡೊ ತಾನಿಯಾನನ್ನು ಹೊಡೆದು, ಅವನು ಸತ್ತಮೇಲೆ ಬೆಜ್ಬರುವಾ ಸಮಿತಿ ಮಾಡಿದರು. ಜನಾಂಗದ ಹೆಸರಿನಲ್ಲಿ ಅವಮಾನ ಮಾಡುವವರಿಗೆ ದಂಡ ಸಂಹಿತೆಯಲ್ಲೇ ಹೊಸ ಕಲಮು ಬೇಕು ಅಂತ ಸಮಿತಿ ಹೇಳಿತು. ಹಳೆಯ ಸಂಹಿತೆಯೇ ಹೋಯಿತು, ಆ ಕಲಮು ಬರಲಿಲ್ಲ. ಈಗಿನ ನ್ಯಾಯ ಸಂಹಿತೆಯಲ್ಲಿ ಐದು ಅಥವಾ ಹೆಚ್ಚು ಜನ ಸೇರಿ ಜನಾಂಗದ ಕಾರಣಕ್ಕೆ ಕೊಂದರೆ, ಇಲ್ಲವೇ ತೀವ್ರ ಗಾಯ ಮಾಡಿದರೆ ಬೇರೆಯೇ ಕಲಮು ಇದೆ. ಪೆಟ್ಟು ಬಿದ್ದಮೇಲೆ ಸಿಗುವ ಕಾನೂನು ಅದು.

ಅಭಿಮಾನಿ: ಕಾನೂನು ಹೇಳದ್ದನ್ನ ಹಾಡಾದ್ರೂ ಹೇಳ್ತಿದೆ ಅಕ್ಕ. ತಮಿಳಿನಲ್ಲಿ ಅರಿವು ಅನ್ನೋ ಹಾಡುಗಾರ ಇದ್ದಾನೆ, ಜಾತಿಯ ಬಗ್ಗೆ ಮುಖಕ್ಕೆ ಹೊಡೆದ ಹಾಗೆ ಹಾಡ್ತಾನೆ. ತ್ರಿಪುರಾದ ಬೊರ್ಕುಂಗ್ ಹ್ರಾಂಗ್‌ಖಾಲ್ ಈಶಾನ್ಯದವರ ಅವಮಾನವನ್ನೇ ರ‍್ಯಾಪ್ ಮಾಡಿದ. ಕನ್ನಡದಲ್ಲಿ ಇದರ ಮೇಲೆ ಒಂದು ಗಟ್ಟಿ ಹಾಡು ನನ್ನ ಕಿವಿಗೆ ಬಿದ್ದಿಲ್ಲ. ನಾನು ಬರೀಬೇಕು ಅಂತಿದ್ದೀನಿ. ಲ್ಯೂಕಸ್ ಥರಾನೇ, ಮೊದಲು ಮನೆ ಮಾಲೀಕ, ಆಮೇಲೆ ಬಾಡಿಗೆದಾರ.

ಅಕ್ಕ: ಬರಿ. ಆದರೆ ತಿರುಗಿಸಿ ಬರಿ. ಮಾಲೀಕನ ಮಾತು ನಾವು ದಿನಾ ಕೇಳುತ್ತೇವೆ, ಅದಕ್ಕೆ ಹಾಡು ಬೇಕಿಲ್ಲ. ಮೊದಲು ಬಾಡಿಗೆದಾರ ಮಾತಾಡಲಿ, ಪೂರ್ತಿ ಮಾತಾಡಲಿ. ಮಾಲೀಕ ಬಾಯಿ ಮುಚ್ಚಿ ಕೇಳಲಿ. ಆಮೇಲೆ ಅವನು ತನಗೇನೂ ಇಲ್ಲ ಅಂತ ಹೇಳುವ ಹಾಗಿಲ್ಲ, ಏನು ಮಾಡುತ್ತೇನೆ ಅಂತ ಹೇಳಬೇಕು. ಹಾಗೆ ಬರೆದರೆ ನಿನ್ನ ಹಾಡು ಲ್ಯೂಕಸ್‌ನದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ.

ಅಭಿಮಾನಿ: ಬಾಡಿಗೆದಾರನ ಭಾಗ ನಾನು ಹೇಗೆ ಬರೀಲಿ? ನಾನು ಈ ಬೀದಿಯಲ್ಲಿ ಮನೆಗಾಗಿ ಯಾವತ್ತೂ ಅಲೆದಿಲ್ಲ.

ಅಕ್ಕ: ನೀನು ಬರೆಯಬೇಡ. ಮೈಕ್ ಕೊಡು. ಹೆಣ್ಣೂರು ರಸ್ತೆಯ ಪಿಜಿಗಳಲ್ಲಿ ಇಂಗ್ಲಿಷಿನಲ್ಲಿ, ಸ್ವಾಹಿಲಿಯಲ್ಲಿ, ಮಣಿಪುರಿಯಲ್ಲಿ ಹಾಡು ಕಟ್ಟುವ ಮಕ್ಕಳಿದ್ದಾರೆ. ಅವರು ಅವರ ಮಾತಿನಲ್ಲೇ ಹೇಳಲಿ. ಕನ್ನಡದ ಭಾಗ ಬೇಕಾದರೆ ಮಂಚಿಕೇರಿಯಿಂದ ನನ್ನ ತಮ್ಮನನ್ನು ಕರೆಸುತ್ತೇನೆ, ಡಮಾಮಿಯನ್ನೂ ತರುತ್ತಾನೆ. ನೀನು ತಾಳ ಹಾಕು, ರೆಕಾರ್ಡ್ ಮಾಡು, ಮಾಲೀಕನ ಭಾಗವನ್ನು ನೀನು ಹಾಡು. ಟೀ ಅಂಗಡಿ ಮುಂದೆ ಕೇಳಿ ಕೇಳಿ ಆ ಮಾತು ನಿನಗೆ ಬಾಯಿಪಾಠ ಆಗಿದೆಯಲ್ಲ.

ಅಭಿಮಾನಿ: ಕೊನೆಗೆ ಅಪ್ಪುಗೆ ಬೇಡ್ವಾ?

ಅಕ್ಕ: ಬೇಡ ಅಂತ ಯಾರು ಹೇಳಿದರು? ನನಗೂ ಬೇಕು. ಆದರೆ ಅದಕ್ಕೂ ಮೊದಲು ಆಗಬೇಕಾದ ಸಣ್ಣ ಕೆಲಸಗಳಿವೆ. ಅದನ್ನು ನಿನ್ನ ಹಾಡಿನಲ್ಲಿ ಹಾಕು, ಇಲ್ಲದಿದ್ದರೆ ನಿಮ್ಮ ಬೀದಿಯವರಿಗೆ ನೇರವಾಗಿ ಹೇಳು: ಟು-ಲೆಟ್ ಬೋರ್ಡ್ ಕಟ್ಟಿದ ಹಿರಿಯರೇ, ಫೋನಿನಲ್ಲಿ ಹೇಳಿದ ಬಾಡಿಗೆಯನ್ನೇ ಗೇಟಿನ ಹತ್ತಿರವೂ ಹೇಳಿ.